ಹಳದಿ ಮುಚ್ಚಳದ ಡಬ್ಬಿ

ಮೂರು ತಿಂಗಳಿಗೊಮ್ಮೆ ಲಾಂಡ್ರಿಯ ಹೆಂಗಸರು ಸಾಲಾಗಿ ನಿಂತು ಉಚ್ಚೆ ಕೊಡಬೇಕಿತ್ತು.

ಕಂಪನಿಯ ಭಾಷೆಯಲ್ಲಿ ಅದಕ್ಕೆ ಆರೋಗ್ಯ ತಪಾಸಣೆ ಎಂದು ಹೆಸರು. ಆದರೆ ಅಲ್ಲಿ ಯಾರ ಕೆಮ್ಮನ್ನೂ ಕೇಳುತ್ತಿರಲಿಲ್ಲ. ಹಬೆಗೆ ಸುಟ್ಟ ಕೈಗಳನ್ನು ನೋಡುತ್ತಿರಲಿಲ್ಲ. ಹಳದಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ ಕೊಡುತ್ತಿದ್ದರು. ಅದರಲ್ಲಿ ಹಿಡಿದು ತಂದರೆ ಕಂಪನಿಯ ನರ್ಸಮ್ಮ ಒಂದು ಕಾಗದದ ಕಡ್ಡಿ ಅದ್ದಿ ನೋಡುತ್ತಿದ್ದಳು. ಒಂದು ಗೆರೆ ಬಂದರೆ ಮುಂದಿನ ಮೂರು ತಿಂಗಳ ಪಟ್ಟಿಯಲ್ಲಿ ಹೆಸರು ಇರುತ್ತಿತ್ತು. ಎರಡು ಗೆರೆ ಬಂದರೆ ಇರುತ್ತಿರಲಿಲ್ಲ. ಯಾರನ್ನೂ ಕೆಲಸದಿಂದ ತೆಗೆದುಹಾಕುತ್ತಿರಲಿಲ್ಲ. ಪಟ್ಟಿಯಲ್ಲಿ ಹೆಸರು ಇರುತ್ತಿರಲಿಲ್ಲ, ಅಷ್ಟೇ.

ಗಂಡಸರು ಉಚ್ಚೆ ಕೊಡಬೇಕಾಗಿರಲಿಲ್ಲ.

ಆ ಸಲದ ತಪಾಸಣೆಗೆ ಎಂಟು ದಿನ ಇದೆ ಅನ್ನುವಾಗ ಮಡಿಕೆಗೆ ಮುಟ್ಟು ತಪ್ಪಿ ಹನ್ನೊಂದು ದಿನವಾಗಿತ್ತು. ಮಡಿಕೆ ಅನ್ನುವುದು ಲಾಂಡ್ರಿಯವರು ಅವಳಿಗೆ ಇಟ್ಟ ಹೆಸರು. ಏಳು ವರ್ಷದಿಂದ ಅವಳು ಮಡಚುವ ಮೇಜಿನಲ್ಲಿ ನಿಂತಿದ್ದಳು. ಅವಳು ಮಡಚಿದ ಹಾಸಿಗೆ ಬಟ್ಟೆಯ ನಾಲ್ಕು ಮೂಲೆಯೂ ಒಂದರ ಮೇಲೊಂದು ಕೂತಿರುತ್ತಿದ್ದವು. ಮೊದಮೊದಲು ಅದನ್ನು ಹೊಗಳಿಕೆ ಅಂದುಕೊಂಡಿದ್ದಳು. ಆಮೇಲೆ ಸೂಪರ್‌ವೈಸರ್ ಕೂಡ "ಏ ಮಡಿಕೆ" ಅನ್ನತೊಡಗಿದ. ಅವನಿಗೆ ಹೆಂಗಸರು ಇಟ್ಟ ಹೆಸರು ಸೀಟಿ. ಅವನ ಕುತ್ತಿಗೆಯಲ್ಲಿ ಯಾವಾಗಲೂ ಒಂದು ಸೀಟಿ ನೇತಾಡುತ್ತಿತ್ತು. ಬಾಯಿಯಿಂದ ಆಗುವ ಕೆಲಸಕ್ಕೂ ಅವನು ಅದನ್ನೇ ಊದುತ್ತಿದ್ದ.

ಹನ್ನೊಂದು ಹೋಟೆಲು, ಎರಡು ಆಸ್ಪತ್ರೆಗಳ ಬಟ್ಟೆ ಅಲ್ಲಿಗೆ ಬರುತ್ತಿತ್ತು. ಉದ್ದನೆಯ ಕಟ್ಟಡ, ಕಿಟಕಿಯಿಲ್ಲ. ಒಂದು ತುದಿಯಲ್ಲಿ ಒಗೆಯುವ ಮೆಷಿನ್ನುಗಳು, ಇನ್ನೊಂದು ತುದಿಯಲ್ಲಿ ದೊಡ್ಡ ರೋಲರ್. ಒದ್ದೆ ಬಟ್ಟೆಗಳು ಹೆಣದಷ್ಟು ಭಾರದ ಮುದ್ದೆಯಾಗಿ ಹೊರಬರುತ್ತಿದ್ದವು. ಇಬ್ಬರು ಎತ್ತಿ ಗಾಡಿಗೆ ಹಾಕಬೇಕು. ಗಾಡಿ ತಳ್ಳಿ ರೋಲರಿನ ಬಾಯಿಗೆ ಕೊಡಬೇಕು. ರೋಲರ್ ನುಂಗಿ, ಸುಟ್ಟು, ಒಣಗಿಸಿ ಆಚೆ ಕಡೆ ಉಗಿಯುತ್ತಿತ್ತು. ಅಲ್ಲಿ ಇಬ್ಬರು ಬಿಸಿ ಅಂಚು ಹಿಡಿದು ಎಳೆದು ಮಡಚಬೇಕು. ಮಡಚಿ ಪಕ್ಕಕ್ಕಿಡುವಷ್ಟರಲ್ಲಿ ಇನ್ನೊಂದು ಬಂದಿರುತ್ತಿತ್ತು. ಹೀಗೆ ಒಂಬತ್ತು ಗಂಟೆ, ನಿಂತೇ. ಮಡಚುವವರು ಮಧ್ಯೆ ಮಧ್ಯೆ ಹೋಗಿ ಒದ್ದೆ ಮುದ್ದೆಯನ್ನೂ ಎತ್ತಿಕೊಡಬೇಕಿತ್ತು. ಮಡಿಕೆಯ ಬೆರಳ ತುದಿಯಲ್ಲಿ ಗೆರೆಗಳು ಉಳಿದಿರಲಿಲ್ಲ. ಹಾಜರಿ ಮೆಷಿನ್ ಅವಳ ಹೆಬ್ಬೆಟ್ಟನ್ನು ಗುರುತಿಸುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಅವಳಿಗೆ ಮಾತ್ರ ಪುಸ್ತಕದಲ್ಲಿ ಸಹಿ.

ಮೊದಲು ಬದಲಾದದ್ದು ಮೂಗು. ಇಷ್ಟು ವರ್ಷ ಅವಳಿಗೆ ಲಾಂಡ್ರಿಯ ವಾಸನೆ ಅಂತ ಒಂದಿತ್ತೇ ಹೊರತು ಬೇರೆ ಬೇರೆ ವಾಸನೆಗಳಿರಲಿಲ್ಲ. ಈಗ ಒಂದೊಂದೂ ಬಿಡಿಬಿಡಿಯಾಗಿ ಬಂದು ಮುಖಕ್ಕೆ ಹೊಡೆಯತೊಡಗಿತು. ಬ್ಲೀಚು, ಯಾರದೋ ಸೆಂಟು, ಯಾರದೋ ಬೆವರು, ಆಸ್ಪತ್ರೆ ಬಟ್ಟೆಯ ಹಳೇ ರಕ್ತ. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಎಂಜಲು ಸುಮ್ಮಸುಮ್ಮನೆ ಊರುತ್ತಿತ್ತು. ಏಪ್ರನ್ನಿನ ಪಟ್ಟಿ ಎದೆಗೆ ತಾಗಿದರೆ ಹುಣ್ಣಿಗೆ ತಾಗಿದ ಹಾಗೆ ಆಗುತ್ತಿತ್ತು. ಕಿಬ್ಬೊಟ್ಟೆ ಮುಟ್ಟಿಗೆ ಮುಂಚೆ ಎಳೆಯುವಂತೆಯೇ ಎಳೆಯುತ್ತಿತ್ತು, ಮುಟ್ಟು ಮಾತ್ರ ಬರುತ್ತಿರಲಿಲ್ಲ. ಸುಸ್ತು ಅನ್ನುವುದು ಅವಳಿಗೆ ಹೊಸದಲ್ಲ. ಇದು ಬೇರೆ. ಒಳಗಡೆ ಯಾರೋ ತನ್ನನ್ನು ಕೇಳದೆ ಕೆಲಸ ಶುರುಮಾಡಿದ್ದಾರೆ, ಅದಕ್ಕೆ ಬೇಕಾದದ್ದನ್ನೆಲ್ಲ ತನ್ನಿಂದಲೇ ತೆಗೆದುಕೊಳ್ಳುತ್ತಿದ್ದಾರೆ, ಅನ್ನುವಂಥ ಸುಸ್ತು.

ಮೇಜಿನ ಆಚೆ ತುದಿಯಲ್ಲಿ ನಿಂತು ಅವಳ ಜೊತೆ ಬಟ್ಟೆ ಹಿಡಿಯುತ್ತಿದ್ದವಳು ಉದ್ದಕ್ಕ. ಲಾಂಡ್ರಿಯಲ್ಲೇ ಉದ್ದ ಅವಳು.

"ಏನೇ, ಮುಖ ಒಗೆದು ಹಿಂಡಿದ ಹಾಗಾಗಿದೆ?" ಅಂದಳು ಉದ್ದಕ್ಕ.

"ನಿದ್ದೆ ಇಲ್ಲ."

ಉದ್ದಕ್ಕ ಅವಳ ಮುಖ ನೋಡಿದಳು, ಏಪ್ರನ್ ನೋಡಿದಳು, ಮತ್ತೆ ಬಟ್ಟೆಯ ಅಂಚು ಹಿಡಿದಳು. ಆಮೇಲೆ ಏನೂ ಕೇಳಲಿಲ್ಲ. ಅಲ್ಲಿ ಕೇಳದೇ ಇರುವುದೇ ದೊಡ್ಡ ಉಪಕಾರ.

ರಜೆಯ ದಿನ ಮಡಿಕೆ ಆರೋಗ್ಯ ಕೇಂದ್ರಕ್ಕೆ ಹೋದಳು. ಅಲ್ಲಿಯ ದಾದಿ ಪರೀಕ್ಷೆ ಮಾಡಿ, "ಆರನೇ ವಾರ ನಡೀತಿದೆ. ಎಷ್ಟನೇದು?" ಅಂದಳು.

"ಎರಡನೇದು."

"ಮೊದಲನೇದಕ್ಕೆ ಎಷ್ಟು ವಯಸ್ಸು?"

"ಇಲ್ಲ."

ದಾದಿ ಚೀಟಿಯಲ್ಲಿ ಒಂದು ಅಡ್ಡಗೆರೆ ಎಳೆದಳು. ಆಮೇಲೆ ದಿನಕ್ಕೆ ನಲವತ್ತು ಸಲ ಹೇಳಿ ರೂಢಿಯಾದ ಧ್ವನಿಯಲ್ಲಿ ಶುರುಮಾಡಿದಳು. "ಬೆಳಗ್ಗೆ ಏಳೋಕೆ ಮುಂಚೆ, ಮಲಗಿದ್ದ ಹಾಗೇ ಎರಡು ಒಣ ಬಿಸ್ಕತ್ತು ತಿನ್ನು. ಆಮೇಲೆ ನಿಧಾನಕ್ಕೆ ಏಳು. ಹೊಟ್ಟೆ ಖಾಲಿ ಬಿಡಬೇಡ, ಎರಡು ಗಂಟೆಗೊಂದ್ಸಲ ಸ್ವಲ್ಪ ಸ್ವಲ್ಪ ಏನಾದ್ರೂ ತಿನ್ನು. ನೀರು ಚೆನ್ನಾಗಿ ಕುಡಿ. ಉಚ್ಚೆ ಕಟ್ಟಿಕೊಂಡು ಕೂರಬೇಡ, ಸೋಂಕಾಗುತ್ತೆ. ಈ ಮಾತ್ರೆ ದಿನಕ್ಕೊಂದು. ತಪ್ಪಿಸಬೇಡ, ಮಗು ಬೆನ್ನುಹುರಿ ಕಟ್ಟಿಕೊಳ್ಳೋದು ಈಗಲೇ. ಭಾರ ಎತ್ತಬೇಡ. ಸೆಕೆ ಜಾಸ್ತಿ ಇರೋ ಕಡೆ ನಿಲ್ಲಬೇಡ. ಬ್ಲೀಚು ಗೀಚು ವಾಸನೆ ಕುಡೀಬೇಡ. ಸುಸ್ತಾದ್ರೆ ಮಲಗು."

"ಎಲ್ಲಿ?" ಅಂದಳು ಮಡಿಕೆ.

"ಎಲ್ಲಿ ಅಂದ್ರೆ?"

"ಎಲ್ಲಿ ಮಲಗಲಿ?"

ದಾದಿ ಪೆನ್ನು ಕೆಳಗಿಟ್ಟಳು. "ಎಲ್ಲಿ ಕೆಲಸ?"

"ಲಾಂಡ್ರಿ."

ದಾದಿ ಮೇಜಿನ ಖಾನೆ ಎಳೆದು ಹುಡುಕಿದಳು. ಆಮೇಲೆ ಒಂದು ಬಣ್ಣದ ಹಾಳೆ ಕೈಗೆ ಕೊಟ್ಟು, "ಎಷ್ಟಾಗುತ್ತೋ ಅಷ್ಟು ನೋಡ್ಕೋ. ರಕ್ತ ಕಂಡ್ರೆ ಮಾತ್ರ ಎಲ್ಲ ಬಿಟ್ಟು ಬಾ," ಅಂದಳು.

ಹಾಳೆಯಲ್ಲಿ ಒಬ್ಬ ಹೆಂಗಸು ದಿಂಬಿಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಹಣ್ಣಿನ ತಟ್ಟೆ, ನೀರಿನ ಲೋಟ. ಅವಳು ನಗುತ್ತಿದ್ದಳು. ಅವಳಿಗೆ ಏನಾದರೂ ಕೆಲಸ ಇದ್ದ ಹಾಗೆ ಕಾಣಲಿಲ್ಲ.

ನೀರು ಚೆನ್ನಾಗಿ ಕುಡಿ ಅಂದಿದ್ದಳು ದಾದಿ. ಲಾಂಡ್ರಿಯ ಹೆಂಗಸರು ಬೆಳಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕಾಗುತ್ತದೆ. ಹೋಗಬೇಕಾದರೆ ಸೀಟಿಯ ಮೇಜಿನ ಮೇಲಿದ್ದ ಮರದ ಹಲಗೆಯನ್ನು ಕೇಳಿ ತೆಗೆದುಕೊಂಡು ಕುತ್ತಿಗೆಗೆ ಹಾಕಿಕೊಳ್ಳಬೇಕು. ನಲವತ್ತು ಹೆಂಗಸರಿಗೆ ಒಂದೇ ಹಲಗೆ. ಒಬ್ಬರಿಗೆ ಪಾಳಿಗೆ ಎರಡು ಸಲ. ಹಲಗೆ ಹಾಕಿಕೊಂಡು ಇಡೀ ಕಟ್ಟಡದ ಉದ್ದಕ್ಕೂ ನಡೆದು ಹೋಗಬೇಕು. ಒಗೆಯುವ ಕಡೆಯ ಗಂಡಸರು ನೋಡುತ್ತಾರೆ. ಕೆಲವರು ವಾಚು ನೋಡುತ್ತಾರೆ.

ಮಡಿಕೆಗೆ ಈಗ ಗಂಟೆಗೊಂದು ಸಲ ಬರುತ್ತಿತ್ತು. ಮೂರನೇ ಸಲ ಕೇಳಿದಾಗ ಸೀಟಿ, "ಏನ್ ಮಡಿಕೆ, ಸೋರೋಕೆ ಶುರು ಆಯ್ತಾ?" ಅಂದ. ಪಕ್ಕದವರು ನಕ್ಕರು. ನಗಬೇಕಾದ ಕಡೆ ನಕ್ಕವರು ಅವರು. ಮಡಿಕೆ ವಾಪಸ್ ಬಂದು ತೊಡೆ ಬಿಗಿಹಿಡಿದು ನಿಂತಳು. ಎರಡು ಗಂಟೆಯ ಹೊತ್ತಿಗೆ ಕಣ್ಣು ಮಂಜಾಯಿತು. ಬಟ್ಟೆಯನ್ನು ಮಾತ್ರ ನಾಲ್ಕು ಮೂಲೆ ಕೂಡಿಸಿಯೇ ಮಡಚಿದಳು.

ಅವಳಿಗೆ ಹೆದರಿಕೆ ಆಗಲಿಲ್ಲ. ಖುಷಿಯೂ ಆಗಲಿಲ್ಲ. ಕೈ ಮರಗಟ್ಟಿದಾಗ ಚಿವುಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ತನ್ನನ್ನು ತಾನೇ ಆಗಾಗ ಚಿವುಟಿ ನೋಡಿಕೊಂಡಳು. ಬಸುರಿ ನಾನು. ಏನೂ ಇಲ್ಲ. ಈ ಸಲ ಉಳಿಯಬಹುದು. ಏನೂ ಇಲ್ಲ. ಗಂಡನಿಗೆ ಹೇಳಿದಾಗಲೂ ಬಸ್ಸು ತಡವಾಯಿತು ಅನ್ನುವ ಹಾಗೆ ಹೇಳಿದಳು. ಅವನು ಕಟ್ಟಡಗಳಿಗೆ ಬಣ್ಣ ಹೊಡೆಯುವವನು. ಉಗುರಿನ ಬಣ್ಣ ಕೆರೆಯುತ್ತಾ ಕೂತಿದ್ದ.

"ತಪಾಸಣೆ ಯಾವಾಗ?" ಅಂದ.

"ಬರೋ ಬುಧವಾರ."

"ಅತ್ತೆ ಹತ್ರ ಹೇಳಿದ್ದೀಯಾ?"

"ಇನ್ನೂ ಇಲ್ಲ."

"ಹೇಳು," ಅಂದ. ಆಮೇಲೆ, "ಬೇಡ ಅನಿಸಿದ್ರೆ ಬಿಡು. ನೋಡ್ಕೊಳ್ಳೋಣ," ಅಂದ. ಹೇಗೆ ನೋಡಿಕೊಳ್ಳುವುದು ಅಂತ ಇಬ್ಬರೂ ಮಾತಾಡಲಿಲ್ಲ.

ಅತ್ತೆ ಅಂದರೆ ಅವನ ತಾಯಿಯಲ್ಲ. ಲಾಂಡ್ರಿಯ ಕಕ್ಕಸು ತೊಳೆಯುವವಳು. ನಲವತ್ತು ಹೆಂಗಸರಿಗೂ ಅವಳು ಅತ್ತೆಯೇ. ಅರವತ್ತು ದಾಟಿತ್ತು. ತಪಾಸಣೆಯ ದಿನ ಅವಳ ಹತ್ತಿರ ಕೆಮ್ಮಿನ ಔಷಧಿಯ ಪುಟ್ಟ ಬಾಟಲಿಗಳಿರುತ್ತಿದ್ದವು. ಯಾರಿಗೆ ಬೇಕೋ ಅವರು ಹೋಗಿ ಮೆಲ್ಲಗೆ ಹೇಳಿದರೆ ಸಾಕು. ಅತ್ತೆ ತನ್ನ ಉಚ್ಚೆಯನ್ನು ಬಾಟಲಿಗೆ ತುಂಬಿ, ತಣ್ಣಗಾಗಬಾರದು ಅಂತ ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿಕೊಂಡು ಬಂದು ಕೊಡುತ್ತಿದ್ದಳು. ನರ್ಸಮ್ಮ ಡಬ್ಬಿಯನ್ನು ಮುಟ್ಟಿ ಬಿಸಿ ಇದೆಯಾ ಅಂತ ನೋಡುತ್ತಿದ್ದಳು. ಅತ್ತೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. "ನನ್ನ ಉಚ್ಚೆ ಎಷ್ಟು ಮನೆ ಒಲೆ ಉರಿಸಿದೆ ಗೊತ್ತೇನೇ?" ಅಂತ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು.

ಹೋದ ವರ್ಷ ಮಡಿಕೆಯೂ ಆ ಬಾಟಲಿ ತೆಗೆದುಕೊಂಡಿದ್ದಳು. ಒಂದು ಗೆರೆ ಬಂತು. ಪಟ್ಟಿಯಲ್ಲಿ ಹೆಸರು ಬಂತು. ಬಸುರಿಯಲ್ಲ ಅಂತ ಕಾಗದದಲ್ಲಿ ಬಂದ ಮೇಲೆ ಬಸುರಿಯಲ್ಲದವಳ ಹಾಗೆಯೇ ಇರಬೇಕಲ್ಲ. ಒದ್ದೆ ಮುದ್ದೆ ಎತ್ತಿದಳು. ಯಾರಿಗೂ ಅನುಮಾನ ಬರಬಾರದೆಂದು ಬೇರೆಯವರಿಗಿಂತ ಎರಡು ಹೆಚ್ಚೇ ಎತ್ತಿದಳು. ವಾಂತಿ ಬಂದರೆ ನುಂಗಿಕೊಂಡಳು. ಒಂಬತ್ತನೇ ವಾರದ ಒಂದು ಮಧ್ಯಾಹ್ನ ಒಳಬಟ್ಟೆ ಒದ್ದೆಯಾದಂತೆ ಅನಿಸಿತು. ಹಲಗೆ ಕೇಳಿದಳು. ಹಲಗೆ ಬೇರೆಯವಳ ಹತ್ತಿರ ಇತ್ತು. ಅವಳು ಬರುವವರೆಗೆ ಹದಿನಾಲ್ಕು ಬಟ್ಟೆ ಮಡಚಿದಳು. ಆಮೇಲೆ ಕಕ್ಕಸಿನಲ್ಲಿ, ಬೇಸಿನ್ನಿನ ಪಕ್ಕದ ನೆಲದ ಮೇಲೆ, ಎಲ್ಲ ಮುಗಿಯಿತು. ರಕ್ತ ಹೋಗಲು ತಣ್ಣೀರೇ ಬೇಕು, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ ಅಂತ ಲಾಂಡ್ರಿಯವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಟ್ಟೆಯನ್ನು ತಣ್ಣೀರಲ್ಲಿ ಉಜ್ಜಿ, ಹಿಂಡಿ, ಒದ್ದೆಯಾಗಿಯೇ ಹಾಕಿಕೊಂಡು ಬಂದು ನಿಂತಳು. "ಹದಿನೆಂಟು ನಿಮಿಷ," ಅಂದಿದ್ದ ಸೀಟಿ. ಆ ಪಾಳಿ ಮುಗಿಯುವವರೆಗೂ ಅವಳು ಮಡಚಿದಳು. ಅಂದಿನಿಂದಲೇ ಈ ಮರಗಟ್ಟುವಿಕೆ.

ಬುಧವಾರ ಬಂತು. ರೋಲರ್ ನಿಲ್ಲಿಸಿದ್ದರು. ಹೆಂಗಸರು ಗೋಡೆಯ ಬದಿಗೆ ಸಾಲಾಗಿ ನಿಂತಿದ್ದರು, ಕೈಯಲ್ಲಿ ಹಳದಿ ಮುಚ್ಚಳದ ಡಬ್ಬಿ. ತುದಿಯಲ್ಲಿ ಮೇಜು, ಮೇಜಿನ ಹಿಂದೆ ನರ್ಸಮ್ಮ. ಪಕ್ಕದಲ್ಲಿ ಸೀಟಿ ಪಟ್ಟಿ ಹಿಡಿದುಕೊಂಡು ನಿಂತಿದ್ದ. ಒಬ್ಬೊಬ್ಬರೇ ಕಕ್ಕಸಿಗೆ ಹೋಗಿ ಬರಬೇಕು. ಬಾಗಿಲು ಪೂರ್ತಿ ಹಾಕಿಕೊಳ್ಳುವ ಹಾಗಿಲ್ಲ.

ಮಡಿಕೆಯ ಸರದಿ ಬಂದಾಗ ಅತ್ತೆ ಒಳಗೆ ನೆಲ ಒರೆಸುತ್ತಿದ್ದಳು. ಮಡಿಕೆ ಹಿಂದಿನ ದಿನವೇ ಅವಳಿಗೆ ಮೆಲ್ಲಗೆ ಹೇಳಿದ್ದಳು. ಅತ್ತೆ ಸೊಂಟದಿಂದ ಬಾಟಲಿ ತೆಗೆದು ಅವಳ ಕೈಗಿಟ್ಟಳು. ಬಾಟಲಿ ಬೆಚ್ಚಗಿತ್ತು.

ಮಡಿಕೆ ಬಾಟಲಿಯ ಮುಚ್ಚಳ ತೆಗೆದಳು. ಡಬ್ಬಿಯ ಮುಚ್ಚಳವನ್ನೂ ತೆಗೆದಳು. ಬೇಸಿನ್ನಿನ ಪಕ್ಕದ ನೆಲವನ್ನು ನೋಡಿದಳು. ಟೈಲ್ಸು ಒದ್ದೆಯಾಗಿತ್ತು, ಸ್ವಚ್ಛವಾಗಿತ್ತು. ಇದನ್ನು ಸುರಿದರೆ ಒಂದು ಗೆರೆ. ಒಂದು ಗೆರೆ ಬಂದರೆ ನಾಳೆಯಿಂದ ಮುದ್ದೆ. ನೀರಿಲ್ಲ. ಹಲಗೆ. ಇನ್ನೂ ಎರಡು ವಾರ. ಆಮೇಲೆ ಮತ್ತೆ ಇದೇ ನೆಲ. ಅವಳು ಲೆಕ್ಕ ಹಾಕಲಿಲ್ಲ, ಎಲ್ಲ ತಾನಾಗಿಯೇ ಬಂದು ಎದುರು ನಿಂತಿತು.

ಬಾಟಲಿಯ ಮುಚ್ಚಳ ಹಾಕಿ ಅತ್ತೆಗೆ ವಾಪಸ್ ಕೊಟ್ಟಳು.

"ಯಾಕೇ?" ಅಂದಳು ಅತ್ತೆ ಪಿಸುದನಿಯಲ್ಲಿ.

"ಬೇಡ ಅತ್ತೆ."

ಹೊರಗೆ ಬಂದು ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

ನರ್ಸಮ್ಮ ಡಬ್ಬಿ ನೋಡಿದಳು. "ಬರಲಿಲ್ವಾ? ನೀರು ಕುಡಿದು ಹೋಗು."

"ಬರುತ್ತೆ. ಕೊಡಲ್ಲ."

"ಅಂದ್ರೆ?"

"ನನ್ನ ಉಚ್ಚೆ. ಕೊಡಲ್ಲ."

ಸೀಟಿ ಸೀಟಿ ಊದಲಿಲ್ಲ. ಯಾವ ಕೆಲಸಕ್ಕೆ ಊದಬೇಕು ಅಂತ ಅವನಿಗೆ ಗೊತ್ತಾಗಲಿಲ್ಲ. "ಏ ಮಡಿಕೆ, ತಲೆ ಕೆಟ್ಟಿದೆಯಾ? ಹಿಂದೆ ಎಷ್ಟು ಜನ ಕಾಯ್ತಿದ್ದಾರೆ ನೋಡು."

ಮಡಿಕೆಗೆ ತಲೆ ಸುತ್ತಿದಂತಾಯಿತು. ನರ್ಸಮ್ಮನ ಪಕ್ಕ ಒಂದು ಕುರ್ಚಿ ಖಾಲಿ ಇತ್ತು. ಹೋಗಿ ಅದರ ಮೇಲೆ ಕೂತಳು. ಏಳು ವರ್ಷದಲ್ಲಿ ಆ ಕಟ್ಟಡದೊಳಗೆ ಅವಳು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಸಾಲಿನಲ್ಲಿ ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸಿತು.

ಮ್ಯಾನೇಜರ್ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. "ಏನಮ್ಮ ತೊಂದರೆ?"

"ತೊಂದರೆ ಏನಿಲ್ಲ. ನಾನು ಬಸುರಿ. ಏಳನೇ ವಾರ. ಅದಕ್ಕೆ ಕಡ್ಡಿ ಯಾಕೆ, ಬಾಯಲ್ಲೇ ಹೇಳ್ತಿದ್ದೀನಿ. ಬರ್ಕೊಳ್ಳಿ."

ಮ್ಯಾನೇಜರ್ ನರ್ಸಮ್ಮನ ಕಡೆ ನೋಡಿದ. "ಸಂತೋಷ. ಮನೇಲಿ ರೆಸ್ಟ್ ತಗೊಳ್ಳಿ. ಆಫೀಸಲ್ಲಿ ಒಂದು ಸಹಿ ಹಾಕಿ ಹೋಗಿ, ನೀವೇ ಇಷ್ಟಪಟ್ಟು ಬಿಡ್ತಿದ್ದೀರಿ ಅಂತ."

"ನಾನು ಬಿಡ್ತಿಲ್ಲ."

"ನಿಮ್ಮ ಒಳ್ಳೇದಕ್ಕೇ ಹೇಳೋದಮ್ಮ. ಇಲ್ಲಿ ಭಾರ ಎತ್ತಬೇಕು, ಸೆಕೆ..."

"ಹೋದ ಸಲಾನೂ ಬಸುರಿ ಆಗಿದ್ದೆ. ನಿಮ್ಮ ಕಾಗದದಲ್ಲಿ ಅಲ್ಲ ಅಂತ ಇತ್ತು. ಭಾರ ಎತ್ತಿಸಿದ್ರಿ. ಒಳಗೆ ಬೇಸಿನ್ ಹತ್ರ ಹೋಯ್ತು. ಹದಿನೆಂಟು ನಿಮಿಷ ತಗೊಂಡೆ ಅಂತ ಇವರು ಬೈದ್ರು."

ಅಳುತ್ತಾ ಹೇಳಿದ್ದರೆ ಮ್ಯಾನೇಜರಿಗೆ ಸುಲಭವಾಗುತ್ತಿತ್ತು. ಅವಳು ಗಾಡಿಯಲ್ಲಿ ಎಷ್ಟು ಬಟ್ಟೆ ಇದೆ ಅಂತ ಹೇಳುವ ಧ್ವನಿಯಲ್ಲಿ ಹೇಳಿದಳು.

"ಅದು ಹೇಗೆ ಸಾಧ್ಯ?" ಅಂದಳು ನರ್ಸಮ್ಮ. "ನಾನೇ ಪರೀಕ್ಷೆ ಮಾಡಿದ್ದೀನಲ್ಲ. ಸುಳ್ಳು ಹೇಳ್ತಿದ್ದಾಳೆ ಸರ್, ರೆಕಾರ್ಡ್ ಇದೆ."

"ಆ ರೆಕಾರ್ಡಲ್ಲಿರೋದು ನನ್ನ ಉಚ್ಚೆ."

ಎಲ್ಲರೂ ತಿರುಗಿದರು. ಕಕ್ಕಸಿನ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಒಂದು ಕೈಯಲ್ಲಿ ನೆಲ ಒರೆಸುವ ಕೋಲು, ಇನ್ನೊಂದರಲ್ಲಿ ಬಾಟಲಿ. ಬಂದು ಬಾಟಲಿಯನ್ನು ಮೇಜಿನ ಮೇಲೆ, ಖಾಲಿ ಡಬ್ಬಿಯ ಪಕ್ಕ ಇಟ್ಟಳು.

"ಸಾಹೇಬ್ರೆ, ನನಗೆ ಅರವತ್ತೆರಡು. ಮುಟ್ಟು ನಿಂತು ಹದಿನಾಲ್ಕು ವರ್ಷ ಆಯ್ತು. ನಿಮ್ಮ ನರ್ಸಮ್ಮ ಐದು ವರ್ಷದಿಂದ ನನ್ನನ್ನೇ ಪರೀಕ್ಷೆ ಮಾಡ್ತಿದ್ದಾರೆ. ಪ್ರತಿ ಸಲಾನೂ ನಾನು ಬಸುರಿ ಅಲ್ಲ ಅಂತ ಬರೀತಿದ್ದಾರೆ. ಅದೇನೋ ಸರಿಯಾಗೇ ಬರೀತಿದ್ದಾರೆ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ಒಬ್ಬರಿಂದ ಒಬ್ಬರಿಗೆ ಹೋಯಿತು. ಸೀಟಿ ನಗಿಸಿದಾಗ ಬರುತ್ತಿದ್ದ ನಗು ಅಲ್ಲ ಅದು. ಮ್ಯಾನೇಜರ್‌ನ ಕತ್ತು ಕೆಂಪಾಯಿತು.

"ಯಾರ್ಯಾರಿಗೆ ಕೊಟ್ಟಿದ್ದೀಯ?"

"ಎಲ್ರಿಗೂ."

"ಹೆಸರು ಹೇಳು."

"ಕೇಳಿದೋರಿಗೂ ಕೊಟ್ಟೆ, ಕೇಳದೋರಿಗೂ ಕೊಟ್ಟೆ. ನನಗೆ ಸಕ್ಕರೆ ಕಾಯಿಲೆ, ಸಾಹೇಬ್ರೆ. ಬೇಕಾದಷ್ಟು ಬರುತ್ತೆ."

ಈ ಸಲ ನಗು ಜೋರಾಯಿತು. ಸೀಟಿ ಸೀಟಿ ಊದಿದ. ನಗು ನಿಂತಿತು, ಆದರೆ ತಕ್ಷಣ ನಿಲ್ಲಲಿಲ್ಲ. ಸಾಲಿನ ಮಧ್ಯದಲ್ಲಿ ಒಬ್ಬಳು ತನ್ನ ಡಬ್ಬಿಯನ್ನು ನೆಲದ ಮೇಲಿಟ್ಟಳು. ಅವಳ ಹಿಂದಿನವಳೂ ಇಟ್ಟಳು. ಇನ್ನೊಬ್ಬಳು. ಎಲ್ಲರೂ ಇಡಲಿಲ್ಲ. ಉದ್ದಕ್ಕ ತನ್ನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಅದು ಆಗಲೇ ತುಂಬಿತ್ತು. ಮಡಿಕೆಯ ಕಡೆ ಅವಳು ನೋಡಲಿಲ್ಲ.

ನರ್ಸಮ್ಮ ತನ್ನ ಪೆಟ್ಟಿಗೆ ಮುಚ್ಚಿದಳು. ಅವಳಿಗೆ ಯಾರ ಮೇಲೂ ಕನಿಕರ ಹುಟ್ಟಿದ್ದಕ್ಕಲ್ಲ. ಐದು ವರ್ಷದ ರೆಕಾರ್ಡಿಗೆ ಸಹಿ ಹಾಕಿದ್ದವಳು ಅವಳೇ.

ಹತ್ತು ನಿಮಿಷದಲ್ಲಿ ಮಡಿಕೆ ಮತ್ತು ಅತ್ತೆ ಗೇಟಿನ ಹೊರಗಿದ್ದರು. ಒಳಗಡೆ ರೋಲರ್ ಮತ್ತೆ ಶುರುವಾದ ಸದ್ದು ಕೇಳಿಸಿತು. ರಸ್ತೆಯಲ್ಲಿ ಬಿಸಿಲು. ಬಸ್ ನಿಲ್ದಾಣದ ತನಕ ನಡೆಯುವಷ್ಟರಲ್ಲಿ ಮಡಿಕೆಗೆ ಹೊಟ್ಟೆ ತೊಳಸಿತು. ಅಭ್ಯಾಸಬಲದಿಂದ ನುಂಗಿಕೊಳ್ಳಲು ಹೋದಳು. ಆಮೇಲೆ ನುಂಗಿಕೊಳ್ಳಬೇಕಾಗಿಲ್ಲ ಅಂತ ಹೊಳೆಯಿತು. ಚರಂಡಿಯ ಅಂಚಿಗೆ ಬಗ್ಗಿ, ಹೋಗಿಬರುವ ಜನರೆಲ್ಲರ ಎದುರಿಗೇ, ವಾಂತಿ ಮಾಡಿಕೊಂಡಳು. ಅತ್ತೆ ಅವಳ ಹಣೆ ಒತ್ತಿ ಹಿಡಿದಳು. ಒರಟು ಕೈ, ಫಿನಾಯಿಲ್ ವಾಸನೆ. ಆ ವಾಸನೆಗೆ ಇನ್ನೊಂದು ಸಲ ಬಂತು.

ನಿಲ್ದಾಣದ ಕಲ್ಲಿನ ಮೇಲೆ ಇಬ್ಬರೂ ಕೂತರು.

"ಹೋದ ವರ್ಷ," ಅಂದಳು ಅತ್ತೆ, "ಆ ನೆಲ ಒರೆಸಿದ್ದು ನಾನೇ."

"ಗೊತ್ತು."

"ನಾನು ಬಾಟಲಿ ಕೊಡದೆ ಇದ್ದಿದ್ರೆ ನಿನ್ನನ್ನ ಕಳಿಸಿಬಿಡ್ತಿದ್ರು. ನೀನು ಮನೇಲಿ ಇರ್ತಿದ್ದೆ. ನಾನು ನಿಮ್ಮನ್ನೆಲ್ಲ ಉಳಿಸ್ತಿದ್ದೀನಿ ಅಂದ್ಕೊಂಡಿದ್ದೆ ಕಣೇ."

ಮಡಿಕೆ ಬಾಯಿ ಒರೆಸಿಕೊಂಡಳು. ಅತ್ತೆಗೆ ಸಮಾಧಾನ ಹೇಳಬೇಕು ಅನಿಸಿತು. "ನಾನೇ ಕೇಳಿದ್ದು," ಅಂದಳು. "ನೀನು ಕೊಟ್ಟೆ. ಅದನ್ನ ಕೇಳೋ ಹಾಗೆ ಮಾಡಿದೋರು ಒಳಗಿದ್ದಾರೆ."

ಆ ವಾರ ಅವಳು ಮಲಗಿದಳು. ಮಲಗಿದಳು ಅಂದರೆ ಹಗಲು ಹೊತ್ತಿನಲ್ಲಿ, ಬಾಗಿಲು ಹಾಕಿಕೊಂಡು, ಕಾಲು ಚಾಚಿ. ಮೊದಲ ಎರಡು ದಿನ ಕೈಗಳು ಹಾಸಿಗೆಯ ಮೇಲೆ ತಾವೇ ಮಡಚುವಂತೆ ಅಲ್ಲಾಡುತ್ತಿದ್ದವು. ಗಂಡ ಬೆಳಗ್ಗೆ ಕೆಲಸಕ್ಕೆ ಹೋಗುವಾಗ ತಲೆಯ ಹತ್ತಿರ ಬಿಸ್ಕತ್ತಿನ ಪೊಟ್ಟಣ ಇಟ್ಟು ಹೋಗುತ್ತಿದ್ದ. ಬಣ್ಣದ ವಾಸನೆ ಅವಳಿಗೆ ಆಗುವುದಿಲ್ಲ ಅಂತ ಹೊರಗಡೆಯೇ ಬಟ್ಟೆ ಬಿಚ್ಚಿ, ಮೈ ತೊಳೆದುಕೊಂಡು ಒಳಗೆ ಬರುತ್ತಿದ್ದ. ಹಾಗೆ ಮಾಡು ಅಂತ ಅವಳು ಹೇಳಿರಲಿಲ್ಲ. ಬೈಗುಳವೊಂದು ಬರಬೇಕಿತ್ತಲ್ಲ ಅಂತ ಅವಳು ಕಾದಳು. ಬರಲಿಲ್ಲ. ಒಂದು ದಿನ ಮಾತ್ರ, "ಎಷ್ಟು ದಿನ ಹೀಗೆ?" ಅಂದ. ಅಂದವನೇ, "ಸುಮ್ಮನೆ ಕೇಳಿದೆ," ಅಂದ.

ಉದ್ದಕ್ಕ ಸುದ್ದಿ ತಂದಳು. ಒಳಗೆ ಬರದೆ ಬಾಗಿಲಲ್ಲೇ ನಿಂತಳು, ತಲೆ ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು. ನರ್ಸಮ್ಮ ಮತ್ತೆ ಬಂದಿಲ್ಲ. ತಪಾಸಣೆ ಆಗಲಿಲ್ಲ. ಆದರೆ ಹೊಸ ಪಟ್ಟಿ ಬಂದಿದೆ. ಡಬ್ಬಿ ನೆಲಕ್ಕಿಟ್ಟವರು ಒಂಬತ್ತು ಜನ. ಅವರಲ್ಲಿ ಮೂವರ ಹೆಸರಿಲ್ಲ. ಉಳಿದವರನ್ನೂ ತೆಗೆದರೆ ರೋಲರ್ ನಿಲ್ಲುತ್ತದೆ.

"ನನ್ನ ಹೆಸರಿದೆ," ಅಂದಳು ಉದ್ದಕ್ಕ.

"ಒಳ್ಳೇದಾಯ್ತು."

"ನನ್ನ ಕೈಲಿ ಆಗಲಿಲ್ಲ ಕಣೇ. ಮನೇಲಿ ನಾನೊಬ್ಬಳೇ ದುಡಿಯೋಳು."

ಮಡಿಕೆ ತನ್ನೊಳಗೆ ಸಿಟ್ಟು ಇದೆಯಾ ಅಂತ ಹುಡುಕಿದಳು. ಉದ್ದಕ್ಕನ ಮೇಲೆ ಇರಲಿಲ್ಲ. ಇತ್ತು, ಆದರೆ ಬೇರೆ ಕಡೆ ಇತ್ತು. ಎಷ್ಟೋ ದಿನದ ಮೇಲೆ ಚಿವುಟಿದ ಜಾಗ ಚುರ್ ಅಂದಿತು. "ಬಾ, ಒಳಗೆ ಕೂತ್ಕೋ," ಅಂದಳು.

ಹತ್ತನೇ ವಾರದಲ್ಲಿ ಐದು ಜನ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದರು. ಮಡಿಕೆ, ಅತ್ತೆ, ಪಟ್ಟಿಯಲ್ಲಿ ಹೆಸರಿಲ್ಲದ ಮೂವರು. ಹೋಗುವ ದಿನ ಬೆಳಗ್ಗೆಯೂ ಮಡಿಕೆ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ದಾದಿ ಅದು ಒಳ್ಳೆಯ ಲಕ್ಷಣ ಅಂದಿದ್ದಳು. ಮಡಿಕೆ ಅದನ್ನು ನಂಬಲೂ ಇಲ್ಲ, ನಂಬದೆಯೂ ಇರಲಿಲ್ಲ.

ಗುಮಾಸ್ತ ವಯಸ್ಸಾದವನು, ಒಳ್ಳೆಯವನ ಹಾಗೇ ಕಂಡ. ಎಲ್ಲರನ್ನೂ ಕೂರಿಸಿದ. ಫಾರಂ ತೆಗೆದು ಒಂದೊಂದೇ ಕೇಳಿ ಬರೆದುಕೊಂಡ. ಕಂಪನಿ ಯಾವುದು, ಎಷ್ಟು ವರ್ಷದ ಸೇವೆ, ಕೆಲಸ ಏನು.

"ಮಡಚೋದು," ಅಂದಳು ಮಡಿಕೆ.

"ನಷ್ಟ ಅನ್ನೋ ಕಡೆ ಏನು ಬರೀಲಿ? ಮೂರು ವಾರದ ಕೆಲಸ ಹೋಗಿದೆ ಅಂತ ಬರೀಲಾ?"

"ಅದನ್ನೂ ಬರೀರಿ. ಹೋದ ವರ್ಷ ಒಂದು ಮಗು ಹೋಗಿದೆ, ಅದನ್ನೂ ಬರೀರಿ."

ಗುಮಾಸ್ತನ ಪೆನ್ನು ನಿಂತಿತು. ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಅದಕ್ಕೆ ಇದರಲ್ಲಿ ಕಾಲಂ ಇಲ್ಲಮ್ಮ."

"ಹಿಂದ್ಗಡೆ ಖಾಲಿ ಇದೆಯಲ್ಲ. ಅಲ್ಲಿ ಬರೀರಿ."

"ಸಾಹೇಬ್ರು ಹಿಂದ್ಗಡೆ ತಿರುಗಿಸಿ ಓದಲ್ಲಮ್ಮ. ಸುಮ್ನೆ ಯಾಕೆ..."

"ಓದದೆ ಇದ್ರೂ ಬರೀರಿ."

ಹಿಂದಿನ ಸಾಲಿನಲ್ಲಿ ಕಾಯುತ್ತಿದ್ದವರು ಗೊಣಗಿದರು. ಮಡಿಕೆ ಕುರ್ಚಿಯಿಂದ ಏಳಲಿಲ್ಲ. ಅತ್ತೆ ಅವಳ ಪಕ್ಕ ಬಂದು ನಿಂತಳು. ಮೂವರೂ ಬಂದು ನಿಂತರು. ಗುಮಾಸ್ತ ಒಂದು ಸಲ ಒಳಗಿನ ಕೋಣೆಯ ಬಾಗಿಲು ನೋಡಿದ. ಆಮೇಲೆ ಫಾರಂ ತಿರುಗಿಸಿ ಹಾಕಿ, ಅಂಗೈಯಲ್ಲಿ ಒತ್ತಿ ಸರಿಮಾಡಿದ.

"ಹೇಳಿ," ಅಂದ.

ಮಡಿಕೆ ಶುರುವಿನಿಂದ ಹೇಳತೊಡಗಿದಳು. ಅವತ್ತು ಶುಕ್ರವಾರ, ಮಧ್ಯಾಹ್ನ, ಆಸ್ಪತ್ರೆಯ ಬಟ್ಟೆ ಬಂದಿತ್ತು, ಅಂದಳು. ಅವನ ಪೆನ್ನು ಹಿಂದೆ ಬಿದ್ದಾಗ ನಿಲ್ಲಿಸಿದಳು. ಬರೆದಾಯಿತಾ ಅಂತ ಕೇಳಿದಳು. ಅವನು ಆಯಿತು ಅಂದ ಮೇಲೆ ಮುಂದಿನ ಮಾತು ಹೇಳಿದಳು.